ಕಥೋಲಿಕ ವರ್ಷ: ಬಳಕೆದಾರರ ಕೈಪಿಡಿ (ದಂಡು ಪ್ರದೇಶದ ಆವೃತ್ತಿ)

ಯಾರಿಗಾಗಿ

ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಕಡೆ ಬಾಡಿಗೆ ಮನೆ ಹಿಡಿದು, ಪಕ್ಕದ ಬಾಗಿಲಲ್ಲಿ ಡಿಸೆಂಬರ್ ಹುಟ್ಟುವ ಮೊದಲೇ ಕಾಗದದ ನಕ್ಷತ್ರ ತೂಗುವುದನ್ನು ಕಂಡು ‘ಇವರಿಗೇನಪ್ಪಾ ಇಷ್ಟು ಅವಸರ’ ಎಂದುಕೊಂಡವರಿಗೆ ಈ ಕೈಪಿಡಿ. ಸಹೋದ್ಯೋಗಿಗೆ ‘ಹ್ಯಾಪಿ ಗುಡ್ ಫ್ರೈಡೇ’ ಎಂದು ವಾಟ್ಸ್‌ಆ್ಯಪ್ ಮಾಡಿ, ನೀಲಿ ಗೆರೆ ಬಿದ್ದರೂ ಉತ್ತರ ಯಾಕೆ ಬರಲಿಲ್ಲ ಎಂದು ಸಂಜೆಯವರೆಗೆ ಯೋಚಿಸಿದವರಿಗೆ. ಚರ್ಚಿನ ಮದುವೆಗೆ ಹೋಗಿ, ಎಲ್ಲರೂ ಎದ್ದಾಗ ಕೂತು, ಎಲ್ಲರೂ ಕೂತಾಗ ಎದ್ದವರಿಗೆ.

ಕಥೋಲಿಕರು ಇದನ್ನು ಓದುವ ಅಗತ್ಯವಿಲ್ಲ. ಓದಿದರೆ ತಕರಾರು ತೆಗೆಯುತ್ತಾರೆ. ಕನ್ನಡದವರದು ಒಂದು ತಕರಾರು, ತಮಿಳರದು ಇನ್ನೊಂದು, ಮಂಗಳೂರಿನವರದು ಮತ್ತೊಂದು. ಕೇರಳದವರಂತೂ ತಮ್ಮದೇ ಬೇರೆ ಕೈಪಿಡಿ ತಂದು ಮುಂದಿಡುತ್ತಾರೆ.

ಮಾದರಿಯನ್ನು ಗುರುತಿಸುವುದು

ಗೋಪುರ, ಗಂಟೆ, ಶಿಲುಬೆ ಇದ್ದ ಮಾತ್ರಕ್ಕೆ ಅದು ಕಥೋಲಿಕ ಚರ್ಚಲ್ಲ. ಎಂ.ಜಿ. ರಸ್ತೆಯ ಒಂದು ತುದಿಯ ಸೇಂಟ್ ಮಾರ್ಕ್ಸ್, ಇನ್ನೊಂದು ತುದಿಯ ಹೋಲಿ ಟ್ರಿನಿಟಿ ಎರಡೂ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ಬ್ರಿಟಿಷ್ ದಂಡಿನ ಆಂಗ್ಲಿಕನ್ ಪರಂಪರೆಯವು, ಪೋಪರ ಆಡಳಿತಕ್ಕೆ ಹೊರತು. ಒಳಗೆ ಹೋದಾಗ ಬಲಿಪೀಠದ ಬಳಿ ಒಂದು ಪುಟ್ಟ ಪೆಟ್ಟಿಗೆ, ಅದರ ಪಕ್ಕ ಹಗಲೂ ರಾತ್ರಿ ಆರದ ಕೆಂಪು ದೀಪ, ಒಂದು ಬದಿಗೆ ಮರಿಯಮ್ಮನವರ ಪ್ರತಿಮೆ, ಅದರ ಮುಂದೆ ಮೇಣದಬತ್ತಿಯ ಸಾಲು ಕಂಡರೆ ನೀವು ಕಥೋಲಿಕರಲ್ಲಿಗೆ ಬಂದಿದ್ದೀರಿ. ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆಯನ್ನು ಸೇರುವಲ್ಲಿನ ಸೇಂಟ್ ಪ್ಯಾಟ್ರಿಕ್ಸ್, ರಿಚ್ಮಂಡ್ ರಸ್ತೆಯ ಸೇಕ್ರೆಡ್ ಹಾರ್ಟ್, ಕೋಲ್ಸ್ ಪಾರ್ಕ್ ಬಳಿಯ ಸೇಂಟ್ ಫ್ರಾನ್ಸಿಸ್ ಝೇವಿಯರ್, ಶಿವಾಜಿನಗರದ ಸೇಂಟ್ ಮೇರೀಸ್ ಈ ಬಗೆಯವು.

ಇವುಗಳಲ್ಲಿ ಝೇವಿಯರ್ ಚರ್ಚು ಕೆಥೆಡ್ರಲ್, ಎಂದರೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರ ಪೀಠ ಅಲ್ಲಿದೆ. ಸೇಂಟ್ ಮೇರೀಸ್ ಬೆಸಿಲಿಕಾ. ಅದು ಅಧಿಕಾರದ ಪದವಿಯಲ್ಲ, 1973ರಲ್ಲಿ ಪೋಪ್ ಆರನೇ ಪೌಲರು ಕೊಟ್ಟ ಗೌರವ. 2016ರಲ್ಲಿ ಕಾರ್ಕಳದ ಅತ್ತೂರಿಗೆ ಅದೇ ಗೌರವ ಸಿಗುವವರೆಗೆ ರಾಜ್ಯದಲ್ಲಿ ಇದೊಂದೇ ಬೆಸಿಲಿಕಾ ಇತ್ತು. ದೊಡ್ಡದು ಯಾವುದು ಎಂದು ಕೇಳಬೇಡಿ. ಕೆಥೆಡ್ರಲಿಗೆ ಪೀಠವಿದೆ, ಬೆಸಿಲಿಕಾಗೆ ಜನವಿದ್ದಾರೆ.

ಇನ್ನು ಒಳಮಾದರಿಗಳು. ಕನ್ನಡ, ತಮಿಳು, ಕೊಂಕಣಿ ಮಾತಾಡುವವರು ಬಹುಮಟ್ಟಿಗೆ ಲ್ಯಾಟಿನ್ ವಿಧಿಯವರು. ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ಹಬ್ಬಿರುವ ಮಲಯಾಳಿಗಳಲ್ಲಿ ಬಹಳ ಜನ ಸಿರೋ ಮಲಬಾರ್ ವಿಧಿಯವರು. ಪೋಪರು ಇವರಿಗೂ ಪೋಪರೇ, ಆದರೆ ಪಂಚಾಂಗ ಬೇರೆ, ಪೂಜೆಯ ಕ್ರಮ ಬೇರೆ, ಧರ್ಮಪ್ರಾಂತ್ಯವೂ ಬೇರೆ. 2010ರಲ್ಲಿ ಸ್ಥಾಪನೆಯಾದ ಇವರ ಮಂಡ್ಯ ಧರ್ಮಪ್ರಾಂತ್ಯವನ್ನು 2015ರಲ್ಲಿ ಬೆಂಗಳೂರಿಗೂ ವಿಸ್ತರಿಸಲಾಯಿತು. ಲ್ಯಾಟಿನ್ ವಿಧಿಯವರು ತಪಸ್ಸು ಕಾಲ (ಲೆಂಟ್) ಶುರುವಾಗುವ ಬುಧವಾರ ಹಣೆಗೆ ವಿಭೂತಿ ಹಚ್ಚಿಸಿಕೊಂಡರೆ ಇವರು ಅದಕ್ಕೂ ಎರಡು ದಿನ ಮೊದಲೇ, ಸೋಮವಾರ, ಹಚ್ಚಿಸಿಕೊಂಡು ಮುಗಿಸಿರುತ್ತಾರೆ. ಒಂದೇ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಈ ಎರಡೂ ಹಣೆಗಳನ್ನು ಕಂಡರೆ ಗಾಬರಿ ಬೇಡ. ಎರಡೂ ಸರಿ.

ಸೂಚಕ ಬಣ್ಣಗಳು

ಯಾವ ಕಾಲ ನಡೆಯುತ್ತಿದೆ ಎಂದು ತಿಳಿಯಲು ಗುರುಗಳ ಮೇಲುವಸ್ತ್ರ ನೋಡಿದರೆ ಸಾಕು. ನೇರಳೆ ಕಂಡರೆ ಆಗಮನ ಕಾಲ ಅಥವಾ ತಪಸ್ಸು ಕಾಲ. ಬಿಳಿ ಕಂಡರೆ ಕ್ರಿಸ್‌ಮಸ್, ಪಾಸ್ಖ (ಈಸ್ಟರ್) ಅಥವಾ ಮಾತೆಯ ಹಬ್ಬ. ಕೆಂಪು ಪವಿತ್ರಾತ್ಮರದು, ರಕ್ತಸಾಕ್ಷಿಗಳದು, ಶುಭ ಶುಕ್ರವಾರದ್ದು. ಉಳಿದ ಮೂವತ್ತಮೂರೋ ಮೂವತ್ತನಾಲ್ಕೋ ವಾರ ಹಸಿರು. ಅದರ ಹೆಸರೇ ಸಾಧಾರಣ ಕಾಲ. ವರ್ಷಕ್ಕೆ ಎರಡು ಭಾನುವಾರ ಗುಲಾಬಿ ಬಣ್ಣ ಬರುತ್ತದೆ. ಯಂತ್ರ ಕೆಟ್ಟಿಲ್ಲ, ಆಗಮನದಲ್ಲೂ ತಪಸ್ಸಿನಲ್ಲೂ ನಡುವೆ ಒಮ್ಮೆ ಉಸಿರು ಬಿಡಲು ಕೊಟ್ಟ ಅವಕಾಶ ಅದು.

ಪಂಚಾಂಗ ಹೊಂದಿಸುವುದು

ಕಥೋಲಿಕ ವರ್ಷ ಜನವರಿ 1ಕ್ಕೆ ಶುರುವಾಗುವುದಿಲ್ಲ. ನವೆಂಬರ್ 30ಕ್ಕೆ ಅತಿ ಹತ್ತಿರದ ಭಾನುವಾರ ಆಗಮನ ಕಾಲದ ಮೊದಲ ದಿನ. ಹೊಸ ವರ್ಷ ಅಲ್ಲಿಂದ. ನಕ್ಷತ್ರದ ಅವಸರಕ್ಕೆ ಕಾರಣ ಅದೇ.

ಕ್ರಿಸ್‌ಮಸ್ ಅಲುಗದ ಹಬ್ಬ, ಪಾಸ್ಖ ಅಲುಗುವ ಹಬ್ಬ. ಕಚೇರಿಯಲ್ಲಿ ಪ್ರತಿ ವರ್ಷ ‘ಈ ಸಲ ಈಸ್ಟರ್ ಯಾಕೆ ಬೇರೆ ತಾರೀಖು’ ಎಂದು ಕೇಳುವವರು ಯುಗಾದಿಯ ಬಗ್ಗೆ ಹಾಗೆ ಕೇಳುವುದಿಲ್ಲ ಎನ್ನುವುದು ನನಗೆ ಯಾವಾಗಲೂ ಸೋಜಿಗ. ಲೆಕ್ಕ ಹೆಚ್ಚುಕಡಿಮೆ ಒಂದೇ ಜಾತಿಯದು. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ ಹಿಡಿಯಿರಿ. ಅದು ಕಳೆದ ಮೇಲಿನ ಭಾನುವಾರ ಪಾಸ್ಖ. ಹಾಗಾಗಿ ಮಾರ್ಚ್ 22ಕ್ಕಿಂತ ಮುಂಚೆ, ಏಪ್ರಿಲ್ 25ಕ್ಕಿಂತ ತಡವಾಗಿ ಅದು ಬರಲಾರದು. ಯುಗಾದಿಗೆ ಅಮಾವಾಸ್ಯೆ, ಪಾಸ್ಖಕ್ಕೆ ಹುಣ್ಣಿಮೆ, ಅಷ್ಟೇ ವ್ಯತ್ಯಾಸ. ಒಂದು ಹುಣ್ಣಿಮೆ ಮಾರ್ಚ್ 20ಕ್ಕೇ ಮುಗಿದುಹೋದರೆ ಮುಂದಿನದಕ್ಕೆ ಕಾಯಬೇಕು, ಹಬ್ಬ ಏಪ್ರಿಲ್ ಕೊನೆಗೆ ಜಾರುತ್ತದೆ.

ಶಿವಾಜಿನಗರದಲ್ಲಿ ಈ ಚಂದ್ರನ ಲೆಕ್ಕಗಳೆಲ್ಲ ಒಂದೇ ಬೀದಿಗೆ ಬಂದು ಬೀಳುತ್ತವೆ. 2025ರಲ್ಲಿ ಫೆಬ್ರುವರಿ 26ಕ್ಕೆ ಶಿವರಾತ್ರಿ, ಮಾರ್ಚ್ 2ಕ್ಕೆ ರಂಜಾನ್ ಉಪವಾಸದ ಆರಂಭ, 5ಕ್ಕೆ ವಿಭೂತಿ ಬುಧವಾರ, 30ಕ್ಕೆ ಯುಗಾದಿ, ಮರುದಿನ ಈದ್. 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟಿನ ಒಂದು ಪಕ್ಕದಲ್ಲಿ ನಿಂತರೆ ಬೆಸಿಲಿಕಾದ ಗಂಟೆಯೂ ಮಸೀದಿಯ ಬಾಂಗೂ ಕಿವಿಗೆ ಬೀಳುತ್ತವೆ. ಆ ಮಾರ್ಚಿನಲ್ಲಿ ಉಪವಾಸ ಇಲ್ಲದವರೇ ಅಲ್ಲಿ ಅಲ್ಪಸಂಖ್ಯಾತರು.

ಉಪವಾಸ: ನಿಯಮ ಮತ್ತು ನಿಜ

ತಪಸ್ಸು ಕಾಲ ನಲವತ್ತು ದಿನ. ನೀವು ಕ್ಯಾಲೆಂಡರಿನಲ್ಲಿ ಎಣಿಸಿದರೆ ವಿಭೂತಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ ನಲವತ್ತಾರು ಬರುತ್ತದೆ. ಆರು ಭಾನುವಾರ ಕಳೆಯಿರಿ. ಭಾನುವಾರ ಪುನರುತ್ಥಾನದ ದಿನ, ಅಂದು ಉಪವಾಸವಿಲ್ಲ. ಈ ಆರು ದಿನಗಳನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ಫ್ರೇಜರ್ ಟೌನಿನ ಬಿರಿಯಾನಿ ಅಂಗಡಿಗಳು ಋಣಿಯಾಗಿರಬೇಕು.

ಬುಧವಾರದ ವಿಭೂತಿ ಹಿಂದಿನ ವರ್ಷದ ಗರಿಗಳ ಭಾನುವಾರದಂದು ಮನೆಗೆ ಒಯ್ದು, ಶಿಲುಬೆಯಾಗಿ ಮಡಚಿ, ಪಟದ ಹಿಂದೆ ಸಿಕ್ಕಿಸಿಟ್ಟ ಗರಿಗಳನ್ನೇ ಸುಟ್ಟು ಮಾಡಿದ್ದು. ನಿಯಮದ ಪ್ರಕಾರ ಕಡ್ಡಾಯ ಉಪವಾಸ ವರ್ಷಕ್ಕೆ ಎರಡೇ ದಿನ: ವಿಭೂತಿ ಬುಧವಾರ, ಶುಭ ಶುಕ್ರವಾರ. ಅದೂ ಹದಿನೆಂಟರಿಂದ ಐವತ್ತೊಂಬತ್ತು ವಯಸ್ಸಿನವರಿಗೆ, ಅದೂ ಒಂದು ಪೂರ್ತಿ ಊಟ ಮತ್ತು ಎರಡು ಸಣ್ಣ ತಿಂಡಿಗೆ ಅವಕಾಶ ಕೊಟ್ಟು. ಮಾಂಸ ಬಿಡುವುದು ಹದಿನಾಲ್ಕು ತುಂಬಿದವರಿಗೆಲ್ಲ. ಮೀನು ಮಾಂಸದ ಲೆಕ್ಕಕ್ಕೆ ಸೇರಿಲ್ಲ. ರೋಮಿನ ಈ ಒಂದು ವಿನಾಯಿತಿಯನ್ನು ಮಂಗಳೂರು, ಕೇರಳದವರು ಎಷ್ಟು ಶ್ರದ್ಧೆಯಿಂದ ಪಾಲಿಸುತ್ತಾರೆಂದರೆ, ಅಂಥ ಶುಕ್ರವಾರಗಳಲ್ಲಿ ಅವರ ಮನೆಯ ಬಂಗುಡೆಯ ವಾಸನೆಗೆ ನೀವು ನಿಮ್ಮ ಶನಿವಾರದ ವ್ರತವನ್ನು ಮರುಪರಿಶೀಲಿಸಬೇಕಾದೀತು.

ಇದು ನಿಯಮ. ನಿಜ ಏನೆಂದರೆ, ಅಜ್ಜಿಯರು ನಲವತ್ತು ದಿನವೂ ಮಾಂಸ ಮುಟ್ಟುವುದಿಲ್ಲ. ಅರವತ್ತು ದಾಟಿದೆ, ನಿನಗೆ ವಿನಾಯಿತಿ ಇದೆ ಎಂದು ಹೇಳಿದರೆ ಹೇಳಿದವರನ್ನೇ ಮೇಲಿಂದ ಕೆಳಗೆ ನೋಡುತ್ತಾರೆ. ಹುಡುಗರು ‘ಲೆಂಟಿಗೆ ಏನು ಬಿಟ್ಟೆ’ ಎಂದು ಪರಸ್ಪರ ಕೇಳಿಕೊಳ್ಳುತ್ತಾರೆ. ಸಿಗರೇಟು, ಕಬಾಬು, ಇನ್‌ಸ್ಟಾಗ್ರಾಮ್, ಸಿಟ್ಟು ಎಂಬವು ಸಾಮಾನ್ಯ ಉತ್ತರಗಳು. ಕೊನೆಯದನ್ನು ಬಿಟ್ಟವರನ್ನು ನಾನು ಕಂಡಿಲ್ಲ. ಈ ಕಾಲದಲ್ಲಿ ಮದುವೆ ಇಡುವುದಿಲ್ಲ. ‘ಅಯ್ಯೋ ಯಾಕೆ’ ಎಂದು ಕೇಳುವ ಮುನ್ನ ಆಷಾಢದಲ್ಲಿ ನಿಮ್ಮ ಮನೆಯಲ್ಲಿ ಎಷ್ಟು ಮದುವೆ ಆಗಿವೆ ಎಂದು ನೆನಪಿಸಿಕೊಳ್ಳಿ.

ಪವಿತ್ರ ವಾರ

ಪವಿತ್ರ ಗುರುವಾರ ರಾತ್ರಿ ದಂಡು ಪ್ರದೇಶದಲ್ಲಿ ಮನೆಮಂದಿಯೆಲ್ಲ ಒಂದು ಚರ್ಚಿನಿಂದ ಇನ್ನೊಂದಕ್ಕೆ ಓಡಾಡುವುದು ಕಾಣುತ್ತದೆ. ಏಳು ಚರ್ಚು ಸುತ್ತುವ ಈ ಪದ್ಧತಿಗೆ ನಮ್ಮ ಕಡೆಯಷ್ಟು ಅನುಕೂಲ ಬೇರೆಲ್ಲೂ ಇಲ್ಲ. ಇಲ್ಲಿ ಚರ್ಚುಗಳು ಹತ್ತಿರ ಹತ್ತಿರ, ಪಾರ್ಕಿಂಗ್ ಮಾತ್ರ ದೂರ. ಮಲಯಾಳಿ ಮನೆಗಳಲ್ಲಿ ಆ ರಾತ್ರಿ ಯಜಮಾನ ಹುಳಿ ಬರಿಸದ ಪೆಸಹಾ ಅಪ್ಪವನ್ನು ಮುರಿದು ಎಲ್ಲರಿಗೂ ಹಂಚುತ್ತಾನೆ.

ಅಂದಿನ ಪೂಜೆಯಲ್ಲೇ, ಮಹಿಮಾಗೀತೆ ಮುಗಿದ ಮೇಲೆ, ಗಂಟೆಗಳು ಬಾಯಿ ಮುಚ್ಚುತ್ತವೆ. ಮರುದಿನ, ಶುಭ ಶುಕ್ರವಾರ, ಲೋಕದ ಯಾವ ಕಥೋಲಿಕ ಚರ್ಚಿನಲ್ಲೂ ಬಲಿಪೂಜೆ ಇಲ್ಲ. ಪಾಡಿನ ವಾಚನ, ಶಿಲುಬೆಯ ಆರಾಧನೆ, ಹಿಂದಿನ ದಿನ ಎತ್ತಿಟ್ಟ ಪರಮಪ್ರಸಾದ, ಅಷ್ಟೇ. ಅಂದು ಶುಭಾಶಯ ಕಳಿಸಬೇಡಿ. ಅದು ಸಾವಿನ ದಿನ. ಸಾವಿನ ಮನೆಗೆ ಹೋದಂತೆ ಸುಮ್ಮನೆ ಹೋಗಿ ಬನ್ನಿ. ಏನಾದರೂ ಮಾಡಲೇಬೇಕೆನಿಸಿದರೆ ಫ್ರೇಜರ್ ಟೌನಿನಲ್ಲಿ ಶಿಲುಬೆಯ ಗುರುತಿನ ಹಾಟ್ ಕ್ರಾಸ್ ಬನ್ ಕೊಳ್ಳಿ. 1902ರಿಂದ ನಡೆಯುತ್ತಿರುವ ಆಲ್ಬರ್ಟ್ ಬೇಕರಿ ಮುಸ್ಲಿಂ ಕುಟುಂಬದ್ದು. ಅಲ್ಲಿಯ ಬನ್ನಿಗೆ ಸಾಲಿನಲ್ಲಿ ನಿಂತವರ ಧರ್ಮ ವಿಚಾರಿಸಲು ಈ ಕೈಪಿಡಿಯಲ್ಲಿ ಸೂಚನೆಯಿಲ್ಲ.

ಒಳಗೆ ಹೋದಾಗ

ಹಿಂದಿನ ಬೆಂಚಿನಲ್ಲಿ ಕೂತು ಮುಂದಿನವರನ್ನು ಅನುಸರಿಸಿ. ಮುಂದಿನವರೂ ನಿಮ್ಮಂಥ ಅತಿಥಿಗಳಾದರೆ ದೇವರೇ ಗತಿ. ಗುರುಗಳನ್ನು ‘ಫಾದರ್’ ಎನ್ನಬಹುದು, ‘ಸ್ವಾಮಿ’ ಎನ್ನಬಹುದು; ಹಳ್ಳಿಯಿಂದ ಬಂದ ಹಿರಿಯರು ‘ಸ್ತೋತ್ರ ಸ್ವಾಮಿ’ ಎಂದು ಕೈ ಮುಗಿಯುತ್ತಾರೆ.

ಇಲ್ಲಿ ಒಂದು ಗಂಭೀರ ಎಚ್ಚರಿಕೆ ಇದೆ. ಪೂಜೆಯ ಕೊನೆಯ ಭಾಗದಲ್ಲಿ ಎಲ್ಲರೂ ಎದ್ದು ಸಾಲಾಗಿ ಮುಂದೆ ಹೋಗುತ್ತಾರೆ. ಅಲ್ಲಿ ಕೊಡುವುದರ ಹೆಸರು ಪರಮಪ್ರಸಾದ. ಪ್ರಸಾದ ಎಂದ ಕೂಡಲೇ ಕನ್ನಡಿಗನ ಬಲಗೈ ತಾನಾಗಿ ಮುಂದೆ ಚಾಚುತ್ತದೆ, ತಡೆದುಕೊಳ್ಳಿ. ಅದು ಬಂದವರಿಗೆಲ್ಲ ಹಂಚುವ ಪ್ರಸಾದವಲ್ಲ. ಕಥೋಲಿಕರ ನಂಬಿಕೆಯಲ್ಲಿ ಅದು ಕ್ರಿಸ್ತನ ಶರೀರವೇ. ಸ್ನಾನದೀಕ್ಷೆ ಪಡೆದು, ಸಿದ್ಧರಾಗಿ ಬಂದವರು ಮಾತ್ರ ಸ್ವೀಕರಿಸುತ್ತಾರೆ. ಕಥೋಲಿಕರಲ್ಲೇ ಎಷ್ಟೋ ಜನ, ಪಾಪನಿವೇದನೆ ಮಾಡಿಕೊಂಡಿಲ್ಲ ಎಂದು ಜಾಗದಲ್ಲೇ ಕೂತಿರುತ್ತಾರೆ. ನೀವೂ ಕೂತಿರಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಕೈಯಲ್ಲಿ ತೆಗೆದುಕೊಂಡು ‘ಮನೆಯವರಿಗೂ ಇರಲಿ’ ಎಂದು ಕರವಸ್ತ್ರದಲ್ಲಿ ಕಟ್ಟಿಕೊಳ್ಳುವುದಂತೂ ಖಂಡಿತ ಕೂಡದು. ಹೊಟ್ಟೆಗೆ ಬೇಕಾದ ಪ್ರಸಾದ ಆಮೇಲೆ ಊಟದ ಹಾಲ್‌ನಲ್ಲಿ ಸಿಗುತ್ತದೆ, ಜೊತೆಗೆ ಒಂದು ತುಂಡು ಕೇಕು.

ಶಾಂತಿಯ ಶುಭಾಶಯ ಹೇಳುವಾಗ ವಿದೇಶದಲ್ಲಿ ಕೈ ಕುಲುಕುತ್ತಾರೆ, ನಮ್ಮಲ್ಲಿ ಕೈ ಮುಗಿಯುತ್ತಾರೆ. ಇದು ತಾನಾಗಿ ಬಂದ ಅಭ್ಯಾಸ ಮಾತ್ರವಲ್ಲ, ಕಾಗದದ ಮೇಲೆ ಅನುಮತಿ ಪಡೆದದ್ದು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1969ರ ಏಪ್ರಿಲ್‌ನಲ್ಲಿ, ಭಾರತದ ಧರ್ಮಾಧ್ಯಕ್ಷರು ಕೇಳಿದ ಹನ್ನೆರಡು ಅಂಶಗಳಿಗೆ ರೋಮ್ ಒಪ್ಪಿತು: ಅಂಜಲಿ, ಆರತಿ, ಪಂಚಾಂಗ ಪ್ರಣಾಮ, ಎಣ್ಣೆ ದೀಪ, ಪಾದರಕ್ಷೆ ಬಿಟ್ಟು ನೆಲದ ಮೇಲೆ ಕೂರುವುದು ಎಲ್ಲ ಅದರಲ್ಲಿದ್ದವು. ಇದರ ಹಿಂದೆ ಓಡಾಡಿದವರಲ್ಲಿ ಫಾದರ್ ಅಮಲೋರ್ಪವದಾಸ್ ಮುಖ್ಯರು. ಅವರು 1967ರಲ್ಲಿ ಕಟ್ಟಿದ ಎನ್‌ಬಿಸಿಎಲ್‌ಸಿ (ಬೈಬಲ್, ಧರ್ಮೋಪದೇಶ, ಆರಾಧನಾವಿಧಿಗಳ ರಾಷ್ಟ್ರೀಯ ಕೇಂದ್ರ) ನಮ್ಮ ಹಚಿನ್ಸ್ ರಸ್ತೆಯಲ್ಲೇ ಇದೆ. ಅವರ ಅಣ್ಣ ಲೂರ್ದುಸ್ವಾಮಿ ಆ ಅನುಮತಿ ಬಂದಾಗ ಬೆಂಗಳೂರಿನ ಮಹಾಧರ್ಮಾಧ್ಯಕ್ಷರು, ಮುಂದೆ ಕಾರ್ಡಿನಲ್. ಅಂದಿನಿಂದ ಇಂದಿನವರೆಗೂ ‘ಇದೇನು ಗುಡಿಯ ಹಾಗೆ ಮಾಡಿಬಿಟ್ಟಿರಿ’ ಎಂದು ಗೊಣಗುವ ಕಥೋಲಿಕರೂ, ‘ನಮ್ಮದನ್ನು ಯಾಕೆ ತೆಗೆದುಕೊಂಡಿರಿ’ ಎಂದು ಗೊಣಗುವ ಇತರರೂ ಇದ್ದಾರೆ. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಬೇಕು ಎಂಬುದು ನನ್ನ ಹಳೆಯ ಆಸೆ.

ಭಾಷೆಯ ಗುಂಡಿ: ಹೊರಗಿನ ಹಲಗೆಯಲ್ಲಿ ಪೂಜೆಯ ವೇಳೆಯ ಪಕ್ಕ ತಮಿಳು, ಇಂಗ್ಲಿಷ್, ಕನ್ನಡ ಎಂದು ಬರೆದಿರುತ್ತದೆ, ನೋಡಿಕೊಂಡು ಹೋಗಿ. ಲ್ಯಾಟಿನ್ ಹೋಗಿ ಜನರ ಭಾಷೆ ಬಂದಾಗ ‘ಜನರ ಭಾಷೆ ಯಾವುದು’ ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲಿ ಒಂದೇ ಉತ್ತರವಿರಲಿಲ್ಲ. ಆ ಹಲಗೆಯ ಕನ್ನಡದ ಸಾಲಿನ ಹಿಂದೆ ಕನ್ನಡ ಕ್ರೈಸ್ತರ ದಶಕಗಳ ಹೋರಾಟವಿದೆ. ಆ ಪೂಜೆಯಲ್ಲಿ ಬೆಂಚು ಖಾಲಿ ಕಂಡರೆ ನನಗೆ ಬೇರೆ ಯಾವುದಕ್ಕೂ ಬಾರದಷ್ಟು ಸಿಟ್ಟು ಬರುತ್ತದೆ.

ವಾರದ ವೇಳಾಪಟ್ಟಿ

ಮಂಗಳವಾರ ಸಂತ ಅಂತೋಣಿಯವರದು. ಬುಧವಾರ ಸದಾ ಸಹಾಯ ಮಾತೆ. ಗುರುವಾರ ವಿವೇಕನಗರದ ಬಾಲಯೇಸು. ಅಂದು ಆ ರಸ್ತೆಯಲ್ಲಿ ಆಟೋದವರೂ ಬರಲೊಪ್ಪುವುದಿಲ್ಲ. ರಾಯರ ಮಠಕ್ಕೂ ಗುರುವಾರವೇ, ಇಬ್ಬರಿಗೂ ಹರಕೆ ಹೊತ್ತವರು ದಾರಿ ಮೊದಲೇ ಯೋಚಿಸಿಕೊಳ್ಳಿ. ಶನಿವಾರ ಮರಿಯಮ್ಮನವರದು.

ಸೆಪ್ಟೆಂಬರ್: ಪೂರ್ಣ ಸಾಮರ್ಥ್ಯದಲ್ಲಿ ಚಾಲನೆ

ದಂಡು ಪ್ರದೇಶದ ಕಥೋಲಿಕ ವರ್ಷ ತುತ್ತತುದಿ ಮುಟ್ಟುವುದು ಡಿಸೆಂಬರಿನಲ್ಲಲ್ಲ, ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮದಿನದಂದು. ಆಗಸ್ಟ್ 29ಕ್ಕೆ ಬೆಸಿಲಿಕಾದಲ್ಲಿ ಧ್ವಜ ಏರುತ್ತದೆ. 30ರಿಂದ 7ರವರೆಗೆ ಒಂಬತ್ತು ದಿನ ನವೇನ. ಎಂಟರ ಸಂಜೆ ತೇರು.

ಈ ಹತ್ತು ದಿನ ಶಿವಾಜಿನಗರದ ಬಸ್ ನಿಲ್ದಾಣದ ಸುತ್ತ ಸಾವಿರಾರು ಜನ ಕಾವಿ ಬಟ್ಟೆಯಲ್ಲಿ ಕಾಣುತ್ತಾರೆ. ಕಾವಿ ಸೀರೆ, ಕಾವಿ ಅಂಗಿ, ಕಂಕುಳಲ್ಲಿ ಕಾವಿ ಲಂಗದ ಮಗು. ಇದು ಯಾವ ಪಕ್ಷದ ಸಮಾವೇಶವೂ ಅಲ್ಲ. ಮಾತೆಗೆ ಹರಕೆ ಹೊತ್ತವರು ಇವರು. ವೇಳಾಂಗಣ್ಣಿಗೆ ನಡೆದು ಹೋಗುವವರದೂ ಇದೇ ಉಡುಗೆ. ಮಾತೆಗೂ ಸೀರೆ ಉಡಿಸುತ್ತಾರೆ. ತೇರಿನ ಹಿಂದೆ ಬುರ್ಖಾ ತೊಟ್ಟವರು, ಕುಂಕುಮ ಇಟ್ಟವರು ಮೇಣದಬತ್ತಿ ಹಿಡಿದು ನಿಂತಿರುತ್ತಾರೆ. ‘ಮರಿಯೇ ವಾಳ್ಗ’ ಎಂಬ ತಮಿಳು ಘೋಷಕ್ಕೆ ಕನ್ನಡದವರೂ ದನಿಗೂಡಿಸುತ್ತಾರೆ.

ತಮಿಳು ಯಾಕೆ ಇಷ್ಟು ಎನ್ನುವವರಿಗೆ ಉತ್ತರ: ಶಿವಾಜಿನಗರದ ಹಳೆಯ ಹೆಸರು ಬ್ಲ್ಯಾಕ್‌ಪಲ್ಲಿ. ಸೆಂಜಿ ಕಡೆಯಿಂದ ವಲಸೆ ಬಂದ ತಮಿಳು ಕ್ರೈಸ್ತರು ನೆಲೆಸಿದ ಊರು. ಫ್ರೆಂಚ್ ಪಾದ್ರಿ ಅಬ್ಬೆ ದುಬೋಯಿ 1803ರಲ್ಲಿ ಇಲ್ಲಿ ಹುಲ್ಲಿನ ಪ್ರಾರ್ಥನಾಮಂದಿರ ಕಟ್ಟಿಸಿದಾಗ ಬ್ರಿಟಿಷರ ಕಂಟೋನ್ಮೆಂಟೇ ಇನ್ನೂ ಹುಟ್ಟಿರಲಿಲ್ಲ. ಅದು ಬಂದದ್ದು 1809ರಲ್ಲಿ. ಈಗಿನ ಗಾಥಿಕ್ ಶೈಲಿಯ ಚರ್ಚನ್ನು ಫಾದರ್ ಕ್ಲೈನರ್ ಕಟ್ಟಿಸಿದರು. 1882ರ ಸೆಪ್ಟೆಂಬರ್ 8ರಂದೇ ಅದರ ಅಭಿಷೇಕವಾಯಿತು. 2025ರ ಹಬ್ಬದಲ್ಲಿ ಶಿವಾಜಿನಗರದ ಮೆಟ್ರೊ ನಿಲ್ದಾಣಕ್ಕೆ ಸೇಂಟ್ ಮೇರಿ ಹೆಸರಿಡಲು ಶಿಫಾರಸು ಮಾಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು, ಶಿವಾಜಿಯ ಹೆಸರು ಬಿಡುವುದೇ ಎಂಬ ಗದ್ದಲ ಮಹಾರಾಷ್ಟ್ರದವರೆಗೂ ಮುಟ್ಟಿತು. ಹೆಸರು ಏನೇ ಆಗಲಿ, ಎಂಟರ ಸಂಜೆ ಅಲ್ಲಿ ಇಳಿಯುವವರು ಎಲ್ಲಿಗೆ ಹೋಗುತ್ತಿದ್ದಾರೆಂದು ಕೇಳಬೇಕಾಗಿಲ್ಲ.

ಅದೇ ದಿನ, ಅದೇ ಊರಿನ ಮಂಗಳೂರು ಕಥೋಲಿಕರ ಮನೆಯಲ್ಲಿ ಕಾವಿಯೂ ಇಲ್ಲ, ತೇರೂ ಇಲ್ಲ. ಅವರಿಗೆ ಅದು ಮೊಂತಿ ಹಬ್ಬ, ಹೊಸ ತೆನೆಯ ಹಬ್ಬ. ಮಕ್ಕಳು ಮಾತೆಗೆ ಹೂ ಅರ್ಪಿಸುತ್ತಾರೆ, ಆಶೀರ್ವದಿಸಿದ ತೆನೆಯ ಕಾಳನ್ನು ಹಾಲಿಗೆ ಹಾಕಿ ಎಲ್ಲರೂ ಕುಡಿಯುತ್ತಾರೆ, ಊಟಕ್ಕೆ ಬರೀ ತರಕಾರಿ. ಆಹ್ವಾನ ಬಂದಾಗ ಯಾವ ಮನೆಯದು ಎಂದು ನೋಡಿಕೊಳ್ಳಿ. ಪೋರ್ಕ್ ಸಿಗುತ್ತದೆಂದು ಹೋಗಿ ಹಾಗಲಕಾಯಿ ತಿಂದು ಬಂದವರಿದ್ದಾರೆ.

ದೋಷ ಮತ್ತು ಪರಿಹಾರ

ಗೋದಲಿಯಲ್ಲಿ ದನ, ಕುರಿ, ಕುರುಬರು, ಮೊಳಕೆಯೊಡೆದ ರಾಗಿ ಪೈರು ಎಲ್ಲ ಇದೆ, ಮಗು ಮಾತ್ರ ಇಲ್ಲ: ಕಳವಾಗಿಲ್ಲ. ಡಿಸೆಂಬರ್ 24ರ ನಡುರಾತ್ರಿಯವರೆಗೆ ಕಾಯಿರಿ, ಇನ್ನೂ ಹುಟ್ಟಿಲ್ಲ.

ಡಿಸೆಂಬರ್ 8ರ ಅಮಲೋದ್ಭವದ ಹಬ್ಬ ಯೇಸು ಗರ್ಭಕ್ಕೆ ಬಂದ ದಿನವೇ: ಅಲ್ಲ. ಅದು ಮರಿಯಮ್ಮ ತಮ್ಮ ತಾಯಿಯ ಗರ್ಭದಲ್ಲಿ ನಿಷ್ಕಳಂಕವಾಗಿ ಉದ್ಭವಿಸಿದ್ದನ್ನು ಸ್ಮರಿಸುವ ದಿನ. ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರೆ ಸೆಪ್ಟೆಂಬರ್ 8. ಯೇಸುವಿನ ಲೆಕ್ಕ ಮಾರ್ಚ್ 25ರಿಂದ. ಸಂದೇಹವಿದ್ದರೆ ಬೆರಳು ಮಡಚಿ ನೋಡಿ.

ಹೆಸರು ಚೌರಪ್ಪ, ರಾಯಪ್ಪ, ಚಿನ್ನಪ್ಪ ಎಂದಿದೆ, ಕ್ರೈಸ್ತರು ಹೌದೇ: ಹೌದು. ಝೇವಿಯರ್, ಪೀಟರ್, ಪೌಲ್ ಅವರೇ. ಅರುಳಪ್ಪ ಜಾನ್, ಇನ್ನಾಸಪ್ಪ ಇಗ್ನೇಷಿಯಸ್. ಇಂದಿರಾನಗರದ ಅವರ ಮೊಮ್ಮಕ್ಕಳಿಗೆ ರಯಾನ್, ಕೆವಿನ್ ಎಂದು ಹೆಸರು. ನನ್ನನ್ನು ಕೇಳಿದರೆ ಚೌರಪ್ಪನೇ ಚೆನ್ನ.

ನವೆಂಬರ್ 2ರಂದು ಕಲ್ಪಳ್ಳಿಯ ಕಡೆ, ಹೊಸೂರು ರಸ್ತೆಯ ಸಮಾಧಿಗಳ ಕಡೆ ಚೆಂಡುಹೂವಿನ ರಾಶಿ, ಜನಜಂಗುಳಿ: ಸಕಲ ಮೃತರ ಸ್ಮರಣೆಯ ದಿನ. ನಿಮ್ಮ ಪಿತೃಪಕ್ಷ ಮುಗಿದು ಕೆಲವು ವಾರಗಳಲ್ಲಿ ಅವರದು.

ಸೇವಾ ಕೇಂದ್ರ

ಈ ಕೈಪಿಡಿಯಲ್ಲಿ ಉತ್ತರ ಸಿಗದ ಪ್ರಶ್ನೆಗಳಿಗೆ ಗೂಗಲ್‌ಗಿಂತ ಪಕ್ಕದ ಮನೆಯ ಮೇರಿ ಆಂಟಿ ಉತ್ತಮ. ಅವರು ಹೇಳುವುದು ರೋಮಿನ ನಿಯಮಕ್ಕೆ ಅಲ್ಲಲ್ಲಿ ಹೊಂದದಿದ್ದರೂ ನಮ್ಮ ಬೀದಿಗೆ ಹೊಂದುತ್ತದೆ. ಪ್ರಶ್ನೆ ಕೇಳುವ ಕಾಲ ಡಿಸೆಂಬರ್ ಮೂರನೇ ವಾರವಾದರೆ ಕಲ್‌ಕಲ್, ರೋಸ್ ಕುಕ್ಕಿಯ ತಟ್ಟೆಯೂ ಬರುತ್ತದೆ. ತಟ್ಟೆಯನ್ನು ಖಾಲಿ ಹಿಂದಿರುಗಿಸಬೇಡಿ. ಇನ್ನು ಸೆಪ್ಟೆಂಬರ್ ಎಂಟಕ್ಕೆ ತೇರು ನೋಡಲು ಬರುವವರಲ್ಲಿ ಒಂದೇ ಮನವಿ: ದಯವಿಟ್ಟು ಗಾಡಿ ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಬನ್ನಿ. ಶಿವಾಜಿನಗರ ನಿಲ್ದಾಣದಲ್ಲಿ ಇಳಿದರೆ ಬೆಸಿಲಿಕಾ ಪಕ್ಕದಲ್ಲೇ ಇದೆ.